ವೆರೂಲ್ ಭಾಷೆಯ ಹದಿನೇಳು ರಿಜಿಸ್ಟರ್‌ಗಳು

ಸೋಮವಾರ, 2009ರ ಫೆಬ್ರವರಿ 9. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸಿರ್ಲಾಂವ್ ಪೊಲೀಸ್ ಠಾಣೆಗೆ ಕಪ್ಪು ಉಡುಪಿನ ವೃದ್ಧೆಯೊಬ್ಬರು ಕೊಡೆ ಊರಿಕೊಂಡು ಬಂದರು. ಹೆಸರು ಕ್ಲೊತಿಲ್ದಾ ವಾಲಾದಾರಿಸ್, ವಯಸ್ಸು ಅರವತ್ತೆಂಟು, ಮದುವೆಯಾಗಿಲ್ಲ. ಇಗರ್ಜಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಿಟೀಲು ಕಲಿಸಿದವರು. ಹೆಡ್ ಕಾನ್ಸ್‌ಟೇಬಲ್ ಸಾಂತಾನ್ ರೆಬೆಲೊ ಚಿಕ್ಕಂದಿನಲ್ಲಿ ಅವರ ಕಮಾನಿನಿಂದ ಗೆಣ್ಣಿಗೆ ಏಟು ತಿಂದವನಾದ್ದರಿಂದ, ಅವರನ್ನು ಕಂಡವನೇ ಎದ್ದು ನಿಂತ.

ದೂರು ಇಷ್ಟು. ಅವರ ಅಣ್ಣ ಎವಾರಿಸ್ತೊ ವಾಲಾದಾರಿಸ್ ಜನವರಿ 12ರಂದು ತೀರಿಕೊಂಡಿದ್ದರು. ಭೂಮಾಪನ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಕೋಣೆಯ ಕಪಾಟಿನಲ್ಲಿದ್ದ ಹದಿನೇಳು ಉದ್ದನೆಯ ರಿಜಿಸ್ಟರ್‌ಗಳು ಕಾಣೆಯಾಗಿವೆ. ಫೆಬ್ರವರಿ 4ರಂದು ಕ್ಲೊತಿಲ್ದಾ ತಾವೇ ಅವುಗಳ ಧೂಳು ಒರೆಸಿದ್ದರು. 8ರ ಸಂಜೆ ತೆಗೆದು ನೋಡಿದರೆ ಕಪಾಟು ಖಾಲಿ.

ಇನ್‌ಸ್ಪೆಕ್ಟರ್ ಉಲ್ಹಾಸ್ ಪರ್ವತ್ಕರ್ ಅವರನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ರಿಜಿಸ್ಟರುಗಳಲ್ಲಿ ಏನಿತ್ತು ಎಂದು ಕೇಳಿದರು.

“ಒಂದು ಭಾಷೆ.”

“ಯಾವ ಭಾಷೆ, ಬಾಯ್?” ಆ ಊರಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುವುದು ವಾಡಿಕೆ.

“ಅವನೇ ಮಾಡಿದ್ದು. ವೆರೂಲ್ ಅಂತ ಹೆಸರಿಟ್ಟಿದ್ದ. ಲಿಪಿನೂ ಅವನದೇ, ವ್ಯಾಕರಣನೂ ಅವನದೇ.”

ಬಾಗಿಲಲ್ಲಿ ನಿಂತಿದ್ದ ರೆಬೆಲೊ ನಗು ತಡೆದುಕೊಂಡದ್ದು ಇನ್‌ಸ್ಪೆಕ್ಟರ್ ಕಣ್ಣಿಗೆ ಬಿತ್ತು. ಅದರಲ್ಲಿ ಆಶ್ಚರ್ಯವಿರಲಿಲ್ಲ. ಆ ಠಾಣೆಯಲ್ಲಿ ಪರ್ವತ್ಕರ್ ಕೊಂಕಣಿಯನ್ನು ನಾಗರಿಯಲ್ಲಿ ಬರೆಯುತ್ತಿದ್ದರು, ರೆಬೆಲೊ ರೋಮಿಯಲ್ಲಿ, ಅಂದರೆ ಇಂಗ್ಲಿಷಿನ ಅಕ್ಷರಗಳಲ್ಲಿ. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ತಡವರಿಸದೆ ಓದಿದ ದಿನವಿಲ್ಲ. ಇರುವ ಒಂದು ಭಾಷೆಗೇ ಲಿಪಿ ಹೆಚ್ಚಾಗಿರುವ ಊರಲ್ಲಿ ಈ ಮನುಷ್ಯ ಹೊಸದಾಗಿ ಎರಡನ್ನೂ ಮಾಡಲು ಹೋಗಿದ್ದನಲ್ಲ ಎಂದು ರೆಬೆಲೊಗೆ ತಮಾಷೆ ಅನಿಸಿತ್ತು.

ಕ್ಲೊತಿಲ್ದಾ ಉಳಿದದ್ದನ್ನು ಹೇಳಿದರು. ಎರಡು ವರ್ಷದ ಹಿಂದೆ ಎವಾರಿಸ್ತೊಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಮಾತು ನಾಲ್ಕು ತಿಂಗಳು ಬರಲಿಲ್ಲ. ಬಂದಾಗ ಕೊಂಕಣಿ ಇರಲಿಲ್ಲ, ಪೋರ್ಚುಗೀಸ್ ಇರಲಿಲ್ಲ, ಇಂಗ್ಲಿಷ್ ಇರಲಿಲ್ಲ. ಉಳಿದಿದ್ದದ್ದು ವೆರೂಲ್ ಒಂದೇ. ಮಿದುಳಿನಲ್ಲಿ ಹೀಗೂ ಆಗುವುದುಂಟು ಎಂದು ವೈದ್ಯರು ಹೇಳಿದರಂತೆ. ಈಗ ಪುಣೆಯಿಂದ ಭಾಷಾಶಾಸ್ತ್ರದ ಪ್ರಾಧ್ಯಾಪಕರೊಬ್ಬರು 13ನೇ ತಾರೀಕು ಶುಕ್ರವಾರ ಬರುವವರಿದ್ದರು. ರಿಜಿಸ್ಟರುಗಳನ್ನು ಒಯ್ದು, ಓದಿ, ಗ್ರಂಥಾಲಯದಲ್ಲಿ ಇಡುವುದೆಂದು ಮಾತಾಗಿತ್ತು.

“ಮಾತು ಬಂದ ಮೇಲೆ ದಿನಾ ನನ್ನ ಹತ್ರ ಮಾತಾಡಿದ ಸಾಹೇಬ್ರೇ. ಕೈ ಹಿಡ್ಕೊಂಡು ಮಾತಾಡ್ತಿದ್ದ. ನನಗೆ ಒಂದಕ್ಷರ ತಿಳೀಲಿಲ್ಲ. ಈ ಪುಣೆಯವರು ಓದಿ ಹೇಳ್ತಾರೆ ಅಂತ ಕಾಯ್ತಾ ಇದ್ದೆ.”

ಕಳುವಾದ ವಸ್ತುವಿನ ಬೆಲೆ ಏನೆಂದು ಬರೆಯಬೇಕು ಎಂದು ರೆಬೆಲೊ ಮೆಲ್ಲಗೆ ಕೇಳಿದ. ಮುದುಕಿ ಅವನನ್ನು ನೋಡಿದ ರೀತಿಗೆ ಅವನು ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದಕ್ಕೆ ಹೋದ. 10.55ಕ್ಕೆ ಎಫ್‌ಐಆರ್ ನಂಬರ್ 14 ದಾಖಲಾಯಿತು: ವಾಸದ ಮನೆಯಲ್ಲಿ ಕಳವು, ಆರೋಪಿ ಅಪರಿಚಿತ.

ಹನ್ನೊಂದೂ ಮುಕ್ಕಾಲಿಗೆ ಸ್ಥಳ ಪಂಚನಾಮೆ ಶುರುವಾಯಿತು. ಇನ್‌ಸ್ಪೆಕ್ಟರ್ ಜತೆ ರೆಬೆಲೊ ಮತ್ತು ಮಹಿಳಾ ಕಾನ್ಸ್‌ಟೇಬಲ್ ಮನಿಷಾ ಪಾಗಿ ಇದ್ದರು. ಪಂಚರಾಗಿ ಬೀದಿಯ ಬೇಕರಿಯವನೂ ಪಕ್ಕದ ಮನೆಯ ನಿವೃತ್ತ ಹಡಗಿನ ಅಡುಗೆಯವನೂ ಬಂದು ನಿಂತರು. ಕಪಾಟಿನ ಬೀಗ ಒಡೆದಿರಲಿಲ್ಲ. ಬೀಗದಕೈ ಎಂದಿನಂತೆ ಪ್ರಾರ್ಥನಾ ಪೀಠದ ಡ್ರಾಯರಿನಲ್ಲೇ ಇತ್ತು. ಅದೇ ಡ್ರಾಯರಿನಲ್ಲಿ ಒಂದು ಬಂಗಾರದ ಜಪಮಾಲೆ, ಪೀಠದ ಮೇಲೆ ಎರಡು ಬೆಳ್ಳಿಯ ದೀಪಸ್ತಂಭ ಇದ್ದವು. ಕಳ್ಳ ಅವನ್ನು ಮುಟ್ಟಿರಲಿಲ್ಲ. ಕಿಟಕಿ, ಹಂಚು, ಹಿತ್ತಿಲ ಬಾಗಿಲು ಎಲ್ಲವೂ ಸರಿಯಾಗಿದ್ದವು. ಗೊತ್ತಿದ್ದವರೇ ಬಂದಿದ್ದಾರೆ ಎಂದು ಇನ್‌ಸ್ಪೆಕ್ಟರ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

4ರಿಂದ 8ರವರೆಗೆ ಮನೆಯೊಳಗೆ ಬಂದವರು ಯಾರು ಯಾರು? ಕ್ಲೊತಿಲ್ದಾ ಬೆರಳು ಮಡಚಿ ಲೆಕ್ಕ ಕೊಟ್ಟರು. ಮೂವರು. ಅಣ್ಣ ತೀರಿದ ತಿಂಗಳಿಗೆ ಮಾಡಿಸುವ ಪೂಜೆಯ ವಿಷಯ ಮಾತಾಡಲು ಪಾದ್ರಿ ಬಂದಿದ್ದರು. ಶನಿವಾರ ತಮ್ಮನ ಮಗ ಅಲ್ವಿತೊ ಬಂದು ಎರಡು ಚೀಲ ಹಳೇ ಪೇಪರು ಒಯ್ದಿದ್ದ. ಗುರುವಾರ ಸುರಂಗಿ ಬಂದಿದ್ದಳು. ಸುರಂಗಿ ಗಾವ್ಕರ್, ಕಾಣಕೋಣದ ಗುಡ್ಡದ ಕಡೆಯ ವಿಧವೆ, ನಲವತ್ತನಾಲ್ಕು ವರ್ಷ. ಹತ್ತೊಂಬತ್ತು ತಿಂಗಳು ಎವಾರಿಸ್ತೊ ಅವರನ್ನು ನೋಡಿಕೊಂಡವಳು. ಅವರು ಹೋದ ಮೇಲೆ ಊರಿಗೆ ಮರಳಿದ್ದಳು. ತನ್ನ ಪಾತ್ರೆ, ಚಾಪೆ ಬಿಟ್ಟು ಹೋಗಿದ್ದಳೆಂದು ತೆಗೆದುಕೊಂಡು ಹೋಗಲು ಬಂದಿದ್ದಳು.

“ಪಾದ್ರಿನ ಬಿಡೋಣ,” ಎಂದ ರೆಬೆಲೊ. “ಸುರಂಗಿನೂ ಬಿಡೋಣ. ಮನೆಕೆಲಸದವರ ತಪಾಸಣೆ ಫಾರಂ ನಾನೇ ತುಂಬಿಸಿದ್ದು. ಹೆಬ್ಬೆಟ್ಟು ಒತ್ತಿದಾಳೆ. ಪುಸ್ತಕ ತಗೊಂಡು ಏನ್ ಮಾಡ್ತಾಳೆ ಅವಳು? ಉಳಿದಿದ್ದು ಅಲ್ವಿತೊ.”

ಇನ್‌ಸ್ಪೆಕ್ಟರಿಗೂ ಅದು ಸರಿ ಎನಿಸಿತು.

ಅಲ್ವಿತೊ ಮಡಗಾಂವ್‌ನಲ್ಲಿ ಮೋಟಾರು ಬೈಕಿನ ಅಂಗಡಿ ಇಟ್ಟಿದ್ದ. ಮಧ್ಯಾಹ್ನ ಮೂರೂವರೆಗೆ ಠಾಣೆಗೆ ಬಂದವನು ಕೂರುವ ಮೊದಲೇ ಮಾತಿಗೆ ಶುರುವಿಟ್ಟ. ದೊಡ್ಡಪ್ಪನ ಹುಚ್ಚು ಊರಿಗೆಲ್ಲ ಗೊತ್ತಿತ್ತು, ಆ ಪುಸ್ತಕದ ರಾಶಿಯನ್ನು ಸುಡಬೇಕೆಂದು ತಾನೇ ಅತ್ತೆಗೆ ಹೇಳಿದ್ದೆ, ಹೇಳಿದ್ದನ್ನು ಮುಚ್ಚಿಡುವುದಿಲ್ಲ, ಆದರೆ ತಾನು ಮುಟ್ಟಿಲ್ಲ ಎಂದ.

“ಚೀಲದಲ್ಲಿ ಏನಿತ್ತು?”

“ಪೇಪರು.”

“ನೋಡಿ ತುಂಬಿದ್ಯಾ?”

“ಅತ್ತೇನೇ ಕಟ್ಟಿಟ್ಟಿದ್ದು. ನಾನು ಹೊತ್ತಿದ್ದಷ್ಟೇ.”

“ಎಲ್ಲಿಗೆ?”

“ರೈಲ್ವೆ ಗೇಟಿನ ಹತ್ರ ಗುಜರಿಗೆ.”

“ಸುಡಬೇಕು ಅಂತ ಯಾಕೆ ಹೇಳಿದ್ದೆ?”

“ಶಾಲೇಲಿ ನನ್ನ ರೇಗಿಸ್ತಿದ್ರು ಸಾಹೇಬ್ರೇ. ಹಕ್ಕಿ ಭಾಷೆಯವನ ಮನೆಯೋನು ಅಂತ. ಈಗ ಅದನ್ನ ನೋಡೋಕೆ ಪುಣೆಯಿಂದ ದೊಡ್ಡ ಜನ ಬರ್ತಾರಂತೆ. ಆಗ ಬರ್ಬೇಕಿತ್ತು.”

ಸಂಜೆ ಐದರಿಂದ ಆರೂಕಾಲಿನವರೆಗೆ ರೆಬೆಲೊ ಮತ್ತು ಪಾಗಿ ಗುಜರಿ ಅಂಗಡಿಯ ಕಾಗದದ ರಾಶಿ ಕೆದಕಿದರು. ಹಳೆಯ ಪತ್ರಿಕೆಗಳು, ಮದುವೆ ಕರೆಯೋಲೆಗಳು, ಯಾವುದೋ ಕಾಲೇಜಿನ ಉತ್ತರಪತ್ರಿಕೆಗಳು ಸಿಕ್ಕವು. ವಾಲಾದಾರಿಸ್ ಮನೆಯ ಎರಡೂ ಚೀಲ ಕಟ್ಟಿದ ಹಾಗೇ ಇದ್ದವು. ಬಿಚ್ಚಿ ನೋಡಿದರೆ ಬರೀ ಪೇಪರು. ರೆಬೆಲೊ ಬಟ್ಟೆಯ ಧೂಳು ಕೊಡವಿಕೊಂಡು, ಈ ಕೇಸು ಇಲ್ಲಿಗೇ ನಿಲ್ಲುತ್ತದೆ ಎಂದು ಭವಿಷ್ಯ ನುಡಿದ.

ಮಂಗಳವಾರ, ಫೆಬ್ರವರಿ 10. ಹತ್ತು ಗಂಟೆಗೆ ರೆಬೆಲೊ ಮತ್ತು ಪಾಗಿಯನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಮತ್ತೆ ಆ ಮನೆಗೆ ಹೋದರು. ಮೊದಲ ದಿನ ಕೋಣೆಯನ್ನೂ ಬಾಗಿಲು ಕಿಟಕಿಗಳನ್ನೂ ಮಾತ್ರ ನೋಡಿದ್ದಾಗಿತ್ತು. ಈ ಸಲ ಮನೆಯನ್ನೆಲ್ಲ ನೋಡಬೇಕೆಂದರು. ಕ್ಲೊತಿಲ್ದಾ ಅವರಿಗೆ ಕಪ್ಪು ಕಾಫಿ ಕೊಟ್ಟು, ಪಕ್ಕದಲ್ಲಿ ಒಂದು ತೆಳು ನೋಟ್‌ಬುಕ್ ಇಟ್ಟರು. ಹಸಿರು ರಟ್ಟು, 1959ರದು.

“ಇದು ಕಪಾಟಿನಲ್ಲಿರ್ಲಿಲ್ಲ. ನನ್ನ ಪೆಟ್ಟಿಗೇಲಿತ್ತು. ನನಗೆ ಹದಿನೆಂಟಾದಾಗ ಹುಟ್ಟುಹಬ್ಬಕ್ಕೆ ಅಂತ ಬರೆದು ಕೊಟ್ಟಿದ್ದ. ಕಲಿ, ಇಬ್ಬರೂ ಮಾತಾಡೋಣ ಅಂದ.”

“ಕಲಿತ್ರಾ?”

“ನಕ್ಕುಬಿಟ್ಟೆ. ಗೆಳತಿಯರ ಮುಂದೇನೇ ನಕ್ಕೆ. ಆಮೇಲೆ ಅವನು ಆ ಮಾತು ಎತ್ತಲಿಲ್ಲ.”

ಇನ್‌ಸ್ಪೆಕ್ಟರ್ ಪುಟ ತಿರುಗಿಸಿದರು. ನಕ್ಷೆಗಾರನ ಕೈ. ಮೂವತ್ತನಾಲ್ಕು ಅಕ್ಷರಗಳು, ಒಂದೊಂದೂ ಒಂದೊಂದು ಚೌಕದಲ್ಲಿ, ಪಕ್ಕದಲ್ಲಿ ಪೋರ್ಚುಗೀಸಿನಲ್ಲಿ ವಿವರಣೆ. ನಂತರ ನೂರಿಪ್ಪತ್ತು ಪದಗಳ ಪಟ್ಟಿ. ಕೊನೆಗೆ ಕೋಷ್ಟಕಗಳು. ಕ್ಲೊತಿಲ್ದಾ ಪೋರ್ಚುಗೀಸ್ ಓದಿ ಹೇಳುತ್ತ ಹೋದರು: ನಾಮಪದಕ್ಕೆ ಆರು ವಿಭಕ್ತಿ. ಕ್ರಿಯಾಪದಕ್ಕೆ ಕಾಲದ ಪ್ರತ್ಯಯ, ಅದರ ಬೆನ್ನಿಗೆ ಮಾತಾಡುವವರ ಪ್ರತ್ಯಯ. ಕೊಡು ಎನ್ನುವುದಕ್ಕೆ ದೊಮ್. ‘ಕೊಟ್ಟೆ’ ಎಂದು ಗಂಡಸು ಹೇಳುವುದಾದರೆ ದೊಮಿನ್. ಹೆಂಗಸು ಹೇಳುವುದಾದರೆ ದೊಮಿಶೆ. ಬರವಣಿಗೆಯಲ್ಲಿ ಗಂಡಸಿನ ಪ್ರತ್ಯಯಕ್ಕೆ ಒಂದು ಚುಕ್ಕೆ, ಹೆಂಗಸಿನದಕ್ಕೆ ಎಡಕ್ಕೆ ಬಾಗಿದ ಕೊಕ್ಕೆ. ಆ ಸಾಲಿನ ಎದುರಿಗೆ ‘ನಿನ್ನ ಬಳಕೆಗೆ’ ಎಂದು ಬರೆದಿತ್ತು. ಅದನ್ನು ಓದಿ ಕ್ಲೊತಿಲ್ದಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅಷ್ಟರಲ್ಲಿ ಅಡುಗೆಮನೆಯಿಂದ ಪಾಗಿ ಕರೆದಳು.

ಪಾತ್ರೆ ಇಡುವ ಬೀರುವಿನ ಬಾಗಿಲನ್ನು ಅವಳು ಪೂರ್ತಿ ತೆರೆದು ಹಿಡಿದಿದ್ದಳು. ಬಾಗಿಲ ಒಳಮೈಯಲ್ಲಿ ಇದ್ದಿಲಿನಿಂದ ಬರೆದ ಸಾಲುಗಳಿದ್ದವು. ಇಪ್ಪತ್ತಕ್ಕೂ ಹೆಚ್ಚು ಸಾಲು, ಅದೇ ಲಿಪಿ. ಕ್ಲೊತಿಲ್ದಾ ನೋಡಿ, ಅಣ್ಣ ಗೀಚಿರಬೇಕು, ಎಲ್ಲೆಂದರಲ್ಲಿ ಬರೆಯುವುದು ಅವನ ಅಭ್ಯಾಸ ಎಂದರು.

“ಯಾವಾಗ ಗೀಚಿದ್ರು ಬಾಯ್?” ಎಂದು ಪಾಗಿ ಕೇಳಿದಳು. “ಈ ಬೀರು ಯಾವಾಗ ಬಂತು?”

ಬೀರು ಬಂದು ಒಂದು ವರ್ಷವಾಗಿತ್ತು. ಎವಾರಿಸ್ತೊ ಹಾಸಿಗೆ ಹಿಡಿದು ಎರಡು ವರ್ಷ. ಹಾಸಿಗೆಯಿಂದ ಅಡುಗೆಮನೆಗೆ ಮೂರು ಮೆಟ್ಟಿಲು ಇಳಿಯಬೇಕು.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಎವಾರಿಸ್ತೊ ಕೊನೆಗಾಲದಲ್ಲಿ ಎಡಗೈಯಲ್ಲಿ ಬರೆದ ಒಂದು ಚೀಟಿ ಹಾಸಿಗೆಯ ಬಳಿ ಸಿಕ್ಕಿತ್ತು. ಅದು ನಡುಗುವ ಗೆರೆ. ಇದು ಹಾಗಿರಲಿಲ್ಲ. ಅಕ್ಷರಗಳು ದೊಡ್ಡದಾಗಿ, ಗಟ್ಟಿಯಾಗಿ, ಒತ್ತಿ ಬರೆದಂತಿದ್ದವು. ಹೆಚ್ಚುಕಡಿಮೆ ಎಲ್ಲ ಸಾಲಿನ ಕೊನೆಗೂ ಒಂದೇ ಗುರುತು. ಎಡಕ್ಕೆ ಬಾಗಿದ ಕೊಕ್ಕೆ.

ಅವರು ಹಸಿರು ನೋಟ್‌ಬುಕ್ ತರಿಸಿದರು. ಕ್ಲೊತಿಲ್ದಾ ಸ್ಟೂಲಿನ ಮೇಲೆ, ಇನ್‌ಸ್ಪೆಕ್ಟರ್ ನೆಲದ ಮೇಲೆ ಕೂತು ಒಂದೊಂದೇ ಅಕ್ಷರ ಹೊಂದಿಸಿದರು. ಮೊದಲ ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬೆಳಿಗ್ಗೆ ಬಿಳಿ ಕೊಟ್ಟೆ. ಎರಡನೆಯದಕ್ಕೆ ಹತ್ತು ನಿಮಿಷ. ಮಧ್ಯಾಹ್ನ ಕೆಂಪು ಕೊಟ್ಟೆ. ಮಾತ್ರೆಗಳ ಲೆಕ್ಕ. ದೊಮಿಶೆ, ದೊಮಿಶೆ, ದೊಮಿಶೆ ಎಂದು ಕೆಳಗಿನ ತನಕ ಇಳಿದಿತ್ತು.

ಕ್ಲೊತಿಲ್ದಾ ನೋಟ್‌ಬುಕ್ ಮುಚ್ಚಿದರು. ಆಮೇಲೆ ಹೇಳಿದರು, ಸಂಜೆ ಹೊತ್ತು ಅಣ್ಣನ ಕೋಣೆಯಿಂದ ಇಬ್ಬರ ದನಿ ಕೇಳುತ್ತಿತ್ತು, ಸುರಂಗಿ ಅವನ ಪಕ್ಕದಲ್ಲಿ ಕೂತು ಪ್ರಾರ್ಥನೆ ಹೇಳಿಸುತ್ತಾಳೆ ಎಂದುಕೊಂಡಿದ್ದೆ ಎಂದು. ಅವನಿಗೆ ಏನು ಬೇಕೆಂದು ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ, ಕೈಸನ್ನೆ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದಳಂತೆ.

“ಗುರುವಾರ ಏನು ಒಯ್ದಳು?”

“ಚಾಪೆ ಸುತ್ತಿ ಒಂದು ಗಂಟು ಕಟ್ಟಿದ್ಲು. ಭಾರ ಇತ್ತು.” ಅವರು ಸ್ಟೂಲಿನಿಂದ ಎದ್ದು ನಿಂತರು. “ನಾನೇ ಕೈ ಕೊಟ್ಟು ತಲೆ ಮೇಲೆ ಎತ್ತಿಸ್ದೆ.”

ಠಾಣೆಗೆ ಮರಳುವಾಗ ಜೀಪಿನಲ್ಲಿ ರೆಬೆಲೊ, ಆದರೂ ಆಕೆ ಹೆಬ್ಬೆಟ್ಟು ಒತ್ತಿದ್ದು ಸುಳ್ಳಲ್ಲವಲ್ಲ ಎಂದ. ಸುಳ್ಳಲ್ಲ, ನಮ್ಮ ಫಾರಂ ಇರುವುದು ನಮ್ಮ ಲಿಪಿಯಲ್ಲಿ ಎಂದರು ಇನ್‌ಸ್ಪೆಕ್ಟರ್.

ಬುಧವಾರ, ಫೆಬ್ರವರಿ 11. ಬೆಳಿಗ್ಗೆ ಏಳಕ್ಕೆ ಹೊರಟ ಜೀಪು ಒಂಬತ್ತೂವರೆಗೆ ಕಾಣಕೋಣದ ಆಚೆಯ ಖೊಲ್‌ಗಾಳ್ ಎಂಬ ಹಳ್ಳಿ ಮುಟ್ಟಿತು. ಮೊದಲ ಗೇರುಹಣ್ಣು ಬೀಳಲು ಶುರುವಾಗಿದ್ದ ಕಾಲ. ಗುಡ್ಡದ ತುಂಬ ಅದರ ಹುಳಿ ವಾಸನೆ. ಸ್ಥಳೀಯ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಹೋದರು: ಊರಿನ ಹಿರಿಯನೊಬ್ಬ ಮತ್ತು ಏಕೋಪಾಧ್ಯಾಯ ಶಾಲೆಯ ಮಾಸ್ತರು.

ಸುರಂಗಿ ಮನೆಯ ಹಿಂದೆ ಹಣ್ಣಿನಿಂದ ಬೀಜ ತಿರುಚಿ ಬುಟ್ಟಿಗೆ ಹಾಕುತ್ತಿದ್ದಳು. ಖಾಕಿ ನೋಡಿ ಎದ್ದಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಓಡಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ.

“ಬಾಯ್ ಅಳ್ತಿದ್ದಾರಾ?” ಎಂದಳು.

ಇನ್‌ಸ್ಪೆಕ್ಟರ್ ಪುಸ್ತಕಗಳೆಲ್ಲಿ ಎಂದು ಕೇಳಿದರು. ಅವಳು ಒಳಗೆ ಕರೆದೊಯ್ದು ಭತ್ತದ ಕಣಜದ ಮುಚ್ಚಳ ತೆಗೆದಳು. ಒಗೆದ ಸೀರೆಯಲ್ಲಿ ಸುತ್ತಿದ ಎರಡು ಕಟ್ಟು. ಗೆದ್ದಲಿಗೆಂದು ನಡುನಡುವೆ ಬೇವಿನೆಲೆ ಇಟ್ಟಿದ್ದಳು. ಪಾಗಿ ಒಂದೊಂದನ್ನೇ ಎತ್ತಿ ಎಣಿಸಿದಳು, ರೆಬೆಲೊ ಪಂಚನಾಮೆ ಬರೆದ. ಹದಿನೇಳು ರಿಜಿಸ್ಟರ್ ಮುಗಿದ ಮೇಲೆ ಕಟ್ಟಿನ ಅಡಿಯಲ್ಲಿ ಇನ್ನೊಂದು ಉಳಿಯಿತು. ಶಾಲೆ ಮಕ್ಕಳು ಬರೆಯುವ ತೆಳು ಪುಸ್ತಕ, ಮೇಲೆ ನವಿಲಿನ ಚಿತ್ರ.

ಮಾಸ್ತರು ಅದನ್ನು ಕೈಗೆ ತೆಗೆದುಕೊಂಡು ಬಿಡಿಸಿ, ಹುಬ್ಬು ಗಂಟಿಕ್ಕಿ ನೋಡಿದರು. ಸುರಂಗಿ ಮುಂದೆ ಬಂದು ಅವರ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ತಿರುಗಿಸಿ ನೆಟ್ಟಗೆ ಹಿಡಿಸಿದಳು.

“ತಲೆಕೆಳಗಾಗಿತ್ತು ಮಾಸ್ತರೇ.”

ಊರ ಹಿರಿಯ ಜೋರಾಗಿ ನಕ್ಕುಬಿಟ್ಟ. ಮಾಸ್ತರು ನಗಲಿಲ್ಲ. ಹದಿನೈದು ವರ್ಷದ ಹಿಂದೆ ಅದೇ ಶಾಲೆಯಲ್ಲಿ ಸಾಕ್ಷರತೆ ತರಗತಿಗೆ ಈಕೆ ಬಂದು, ನಾಲ್ಕು ದಿನವಾದ ಮೇಲೆ ನಿನ್ನ ತಲೆಗೆ ಇದು ಹತ್ತುವುದಿಲ್ಲ ಎಂದು ಅವರಿಂದಲೇ ಅನ್ನಿಸಿಕೊಂಡು ಹೋಗಿದ್ದು ಅವರಿಗೆ ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ಸುರಂಗಿಗೆ ನೆನಪಿತ್ತು. ಆದರೆ ಅದನ್ನು ಅವಳು ಹೇಳಿದ್ದು ಠಾಣೆಯಲ್ಲಿ, ಕೇಳಿದ ಮೇಲೆ.

“ಇದೂ ಅವರದೇನಾ?” ಎಂದು ಇನ್‌ಸ್ಪೆಕ್ಟರ್ ನವಿಲಿನ ಪುಸ್ತಕ ತೋರಿಸಿದರು.

“ಇಲ್ಲ, ನಂದು.”

“ಏನಿದೆ ಇದ್ರಲ್ಲಿ?”

“ನಂದೇ ಇದೆ.”

ಅವರು ಅದನ್ನು ಮುಚ್ಚಿ ಅವಳಿಗೆ ಕೊಟ್ಟರು. ಪಂಚನಾಮೆಯಲ್ಲಿ ಹದಿನೇಳು ಎಂದೇ ನಮೂದಾಯಿತು.

ಎರಡೂವರೆಗೆ ಠಾಣೆಯಲ್ಲಿ ವಿಚಾರಣೆ. ಪಾಗಿ ಅವಳ ಪಕ್ಕದಲ್ಲಿ ಕೂತಳು. ಸುರಂಗಿ ಅನ್ನ, ಸಾರು ಬೇಡವೆಂದು ಚಹಾ ಮಾತ್ರ ಕುಡಿದಳು. ಎಲ್ಲವನ್ನೂ ಕ್ರಮವಾಗಿ ಹೇಳಿದಳು.

ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಎವಾರಿಸ್ತೊ ಗಂಜಿಯ ಬಟ್ಟಲು ಎಸೆದಿದ್ದರು. ಏನನ್ನೋ ಹತ್ತು ಸಲ ಕೇಳಿದ್ದರು, ಯಾರಿಗೂ ತಿಳಿದಿರಲಿಲ್ಲ. ಬಟ್ಟಲು ಎತ್ತಿ, ನೆಲ ಒರೆಸಿ, ಸುರಂಗಿ ಅವರು ಹೇಳಿದ ಪದವನ್ನೇ ತಿರುಗಿ ಹೇಳಿದಳು. ಸುಮ್ಮನೆ ಬಾಯಿಗೆ ಬಂದಂತೆ ಹೇಳಿದ್ದಷ್ಟೇ. ಮುದುಕರು ಅವಳನ್ನು ನೋಡಿ ಅಳಲು ಶುರುಮಾಡಿದರು. ಆಮೇಲೆ ಕಿಟಕಿ ತೋರಿಸಿದರು. ಆ ಪದಕ್ಕೆ ಕಿಟಕಿ ಎಂದು ಅರ್ಥ. ಬಾಗಿಲು ತೋರಿಸಿ ಇನ್ನೊಂದು ಪದ ಹೇಳಿದರು. ಅಲ್ಲಿಂದ ಶುರುವಾಯಿತು. ಮೂರು ತಿಂಗಳಲ್ಲಿ ಮಾತು ಬಂತು. ಒಂದು ದಿನ ಅವರು ಸ್ಲೇಟನ್ನು ತೊಡೆಯ ಮೇಲಿಟ್ಟು ಎಡಗೈಯಲ್ಲಿ ಅಕ್ಷರ ಬರೆದು ತೋರಿಸಿದಾಗ, ತನಗೆ ಅಕ್ಷರ ಹತ್ತುವುದಿಲ್ಲ ಎಂದಿದ್ದಳು. ಅದನ್ನೂ ಅವರ ಭಾಷೆಯಲ್ಲೇ ಹೇಳಿದ್ದಳು. ಅವರಿಗೆ ನಗು ತಡೆಯಲಾಗಲಿಲ್ಲವಂತೆ.

“ತಪ್ಪು ಮಾಡಿದ್ರೆ ಬೈತಿದ್ರಾ?” ಎಂದು ಪಾಗಿ ಕೇಳಿದಳು. ಅದು ವಿಚಾರಣೆಯ ಪ್ರಶ್ನೆಯಲ್ಲ, ಅವಳಿಗೆ ತಿಳಿಯಬೇಕಾಗಿತ್ತು.

“ನಾನು ಕೊನೆ ಪ್ರತ್ಯಯ ತಪ್ಪಿಸ್ತಿದ್ದೆ. ಅವರ ಹಾಗೇ ಹೇಳ್ತಿದ್ದೆ, ಗಂಡಸಿನ ಥರ. ಬೆರಳು ಆಡಿಸಿ ಬೇಡ ಅಂತಿದ್ರು. ಹೆಂಗಸರದು ಬೇರೆ ಇದೆ, ಐವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ, ಅದನ್ನ ಹೇಳು ಅಂತಿದ್ರು.”

ಕಪಾಟಿನ ಬೀಗದಕೈ ಎಲ್ಲಿದೆಯೆಂದು ಗೊತ್ತಿತ್ತು. ಪುಣೆಯವರು ಬಂದು ಎಲ್ಲವನ್ನೂ ಒಯ್ಯುತ್ತಾರೆಂದು ಗುರುವಾರ ಕ್ಲೊತಿಲ್ದಾ ಅವರ ಬಾಯಿಂದಲೇ ತಿಳಿಯಿತು. ಕ್ಲೊತಿಲ್ದಾ ಕೋಳಿಗೆ ಕಾಳು ಹಾಕಲು ಹಿತ್ತಿಲಿಗೆ ಹೋದಾಗ ಕಪಾಟು ತೆರೆದು ಚಾಪೆಯಲ್ಲಿ ಸುತ್ತಿದಳು. ಮೊದಲೇ ಯೋಚಿಸಿ ಬಂದದ್ದಲ್ಲ.

ನಾಲ್ಕು ಗಂಟೆಗೆ ಮಾಲು ಗುರುತಿಸಲು ಕ್ಲೊತಿಲ್ದಾ ಬಂದರು. ಮೇಜಿನ ಮೇಲೆ ಹದಿನೇಳೂ ರಿಜಿಸ್ಟರ್ ಸಾಲಾಗಿದ್ದವು. ಅವರು ಅವುಗಳ ಕಡೆ ನೋಡದೆ ನೇರ ಸುರಂಗಿಯ ಎದುರು ಹೋಗಿ ನಿಂತರು. ಬೈಯುತ್ತಾರೆ ಎಂದು ರೆಬೆಲೊ ಒಂದು ಹೆಜ್ಜೆ ಮುಂದೆ ಬಂದ.

“ನೀನು ಅವನ ಮಾತು ತಿಳ್ಕೊಂಡು ನನಗೆ ಹೇಳಲಿಲ್ಲ.”

“ತಪ್ಪಾಯ್ತು ಬಾಯ್.”

“ಯಾಕೆ ಹೇಳಲಿಲ್ಲ?”

“ನಿಮಗೆ ಬರದೇ ಇರೋದು ನನಗೆ ಬರುತ್ತೆ ಅಂತ ಹೇಗೆ ಹೇಳ್ಲಿ? ಬೇಜಾರಾಗಿ ಕೆಲಸದಿಂದ ತೆಗೀತೀರಿ ಅಂತ ಹೆದರಿದೆ.”

ಕ್ಲೊತಿಲ್ದಾ ಕುರ್ಚಿಯಲ್ಲಿ ಕೂತರು. ತೆಗೆದುಹಾಕುತ್ತಿದ್ದೆನೋ ಏನೋ ಎಂದು ಒಪ್ಪಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, ತಮ್ಮ ಬಗ್ಗೆ ಅಣ್ಣ ಏನಾದರೂ ಬರೆದಿದ್ದಾನೆಯೇ ಎಂದು ಕೇಳಿದರು. ಇನ್‌ಸ್ಪೆಕ್ಟರ್ ಆಗಲಿ ಎಂದು ತಲೆಯಾಡಿಸಿದ ಮೇಲೆ ಸುರಂಗಿ ಕೊನೆಯ ರಿಜಿಸ್ಟರ್ ತೆಗೆದು, ನಡುಗುವ ಎಡಗೈ ಬರಹದ ಪುಟವೊಂದನ್ನು ಹುಡುಕಿದಳು. ಮೊದಲು ಆ ಭಾಷೆಯಲ್ಲೇ ಓದಿದಳು. ಅವಳ ದನಿ ಬದಲಾಗಿತ್ತು, ಬೆನ್ನು ನೆಟ್ಟಗಾಗಿತ್ತು. ಬೆರಳು ಸಾಲಿನ ಕೆಳಗೆ ಒಂದೇ ವೇಗದಲ್ಲಿ ಸಾಗುತ್ತಿತ್ತು. ಆಮೇಲೆ ಕೊಂಕಣಿಯಲ್ಲಿ ಹೇಳಿದಳು.

“ತಂಗಿ ಇವತ್ತು ಗಂಜಿ ತಂದಳು. ಉಪ್ಪು ಹೆಚ್ಚು. ಹೇಳಿದರೆ ಅವಳಿಗೆ ತಿಳಿಯುವುದಿಲ್ಲ, ತಿಳಿದರೆ ಬೇಸರ ಮಾಡಿಕೊಳ್ಳುತ್ತಾಳೆ. ಎಲ್ಲ ಕುಡಿದೆ. ಅವಳು ನಾನು ಕುಡಿಯುವುದನ್ನೇ ನೋಡುತ್ತಿದ್ದಳು. ಇನ್ನೊಂದು ಬಟ್ಟಲು ಕೇಳಿದೆ.”

“ಉಪ್ಪು ಹೆಚ್ಚಾಗ್ತಿತ್ತಾ?”

“ಹೂಂ ಬಾಯ್. ನಾನಿದ್ದಷ್ಟು ದಿನವೂ.”

ಕ್ಲೊತಿಲ್ದಾ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ಅದು ನಗುವೋ ಅಳುವೋ ರೆಬೆಲೊಗೆ ತಿಳಿಯದೆ, ಎದ್ದು ಹೋಗಿ ನೀರು ತಂದಿಟ್ಟ.

ಸಮಾಧಾನ ಮಾಡಿಕೊಂಡ ಮೇಲೆ ಅವರು ಇನ್‌ಸ್ಪೆಕ್ಟರ್ ಕಡೆ ತಿರುಗಿ, ದೂರು ವಾಪಸು ಕೊಡಿ ಎಂದರು. ಎಫ್‌ಐಆರ್ ಹರಿಯಲು ತಮಗೆ ಅಧಿಕಾರವಿಲ್ಲ, ರಾಜಿ ಏನಿದ್ದರೂ ನ್ಯಾಯಾಲಯದಲ್ಲಿ ಎಂದು ಪರ್ವತ್ಕರ್ ವಿವರಿಸಿದರು.

“ಹಾಗಾದ್ರೆ ಅವನೇ ಇವಳಿಗೆ ಕೊಟ್ಟ ಅಂತ ಬರ್ಕೊಳ್ಳಿ. ಕೊಟ್ಟಿರ್ತಾನೆ.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು ಸುರಂಗಿಯನ್ನು ನೋಡಿದರು. ಪ್ರಶ್ನೆಯನ್ನು ನಿಧಾನವಾಗಿ ಕೇಳಿದರು, ಯೋಚಿಸಲು ಸಮಯವಿರಲಿ ಎನ್ನುವಂತೆ.

“ಎವಾರಿಸ್ತೊ ಬಾಬ್ ಈ ಪುಸ್ತಕಗಳನ್ನ ನಿನಗೆ ಕೊಟ್ಟಿದ್ರಾ?”

“ಇಲ್ಲ.”

“ತಗೋ ಅಂತ ಯಾವತ್ತಾದ್ರೂ ಅಂದಿದ್ರಾ?”

“ಓದು ಅಂದಿದ್ರು. ತಗೋ ಅನ್ನಲಿಲ್ಲ. ಕೇಳಿದ್ರೆ ಕೊಡ್ತಿದ್ರು ಅನ್ಸುತ್ತೆ. ನಾನು ಕೇಳಲಿಲ್ಲ.”

ಅವರು ಅದನ್ನು ಹಾಗೆಯೇ ಬರೆದುಕೊಂಡರು.

ಐದು ಗಂಟೆ ಐದು ನಿಮಿಷಕ್ಕೆ ಬಂಧನದ ಪತ್ರ ಸಿದ್ಧವಾಯಿತು. ಪಾಗಿ ಕಲಂಗಳನ್ನು ಓದಿ ಹೇಳುತ್ತ ತುಂಬಿದಳು. ಬಂಧನದ ಸುದ್ದಿಯನ್ನು ತಿಳಿಸಬೇಕಾದ ಸಂಬಂಧಿ ಅಥವಾ ಆಪ್ತರ ಹೆಸರು ಎಂಬಲ್ಲಿ ನಿಂತಳು. ಸುರಂಗಿ ಯೋಚಿಸಿದಳು. ಗಂಡ ಇಲ್ಲ, ಮಕ್ಕಳಾಗಿರಲಿಲ್ಲ, ಅಣ್ಣನ ಮನೆಯವರೊಂದಿಗೆ ಮಾತಿಲ್ಲ. ಯಾರೂ ಇಲ್ಲ, ಖಾಲಿ ಬಿಡಿ ಎಂದಳು.

“ನನ್ನ ಹೆಸರು ಬರಿ,” ಎಂದರು ಕ್ಲೊತಿಲ್ದಾ.

ದೂರು ಕೊಟ್ಟವರ ಹೆಸರನ್ನೇ ಅಲ್ಲಿ ಬರೆಯುವುದು ಹೇಗೆ ಎಂದು ರೆಬೆಲೊ ಇನ್‌ಸ್ಪೆಕ್ಟರ್ ಮುಖ ನೋಡಿದ. ಬರೆಯಬಾರದೆಂದು ಎಲ್ಲಿಯೂ ಹೇಳಿಲ್ಲ ಎಂದರು ಅವರು. ಪಾಗಿ ಬರೆದಳು. ಸಂಬಂಧ ಏನು ಎಂಬ ಚಿಕ್ಕ ಕಲಂ ಪಕ್ಕದಲ್ಲಿತ್ತು. ಕ್ಲೊತಿಲ್ದಾ ಸ್ವಲ್ಪ ಯೋಚಿಸಿ, ಪರಿಚಯದವರು ಎಂದರು.

ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಜಾಮೀನು ಸಿಕ್ಕಿತು. ಜಾಮೀನಿಗೆ ಸಹಿ ಹಾಕಿ ಕ್ಲೊತಿಲ್ದಾ ನೇರ ಅಣ್ಣನ ತಿಂಗಳ ಪೂಜೆಗೆ ಹೋದರು. ಶುಕ್ರವಾರ ಬಂದ ಪ್ರಾಧ್ಯಾಪಕರಿಗೆ ರಿಜಿಸ್ಟರುಗಳು ಸಿಗಲಿಲ್ಲ, ಅವು ಜಪ್ತಿಯಾದ ಮಾಲಾಗಿ ಠಾಣೆಯಲ್ಲಿದ್ದವು. ಬದಲಿಗೆ ವಾಲಾದಾರಿಸ್ ಮನೆಯ ಪಡಸಾಲೆಯಲ್ಲಿ ಸುರಂಗಿ ಸಿಕ್ಕಳು. ಅವರು ಒಂದು ದಿನಕ್ಕೆಂದು ಬಂದವರು ಆರು ದಿನ ಉಳಿದರು. ಏಪ್ರಿಲ್‌ನಲ್ಲಿ ನ್ಯಾಯಾಲಯ ರಾಜಿಗೆ ಅನುಮತಿ ಕೊಟ್ಟಿತು. ಪುಣೆಗೆ ಹೋದದ್ದು ಛಾಯಾಪ್ರತಿಗಳು. ಮೂಲ ರಿಜಿಸ್ಟರುಗಳು ಕಪಾಟಿಗೆ ಮರಳಿದವು. ವಾರಕ್ಕೆ ಎರಡು ದಿನ ಸುರಂಗಿ ಕಾಣಕೋಣದಿಂದ ಬಸ್ಸಿನಲ್ಲಿ ಬಂದು ಕ್ಲೊತಿಲ್ದಾ ಅವರಿಗೆ ಅವನ್ನು ಓದಿ ಹೇಳುತ್ತಾಳೆಂದು ಬೇಕರಿಯವನು ಊರೆಲ್ಲ ಸಾರಿದ.

ಕಡತ ಮುಚ್ಚುವ ದಿನ ಪರ್ವತ್ಕರ್ ಕೊನೆಯ ವರದಿಯನ್ನು ಮುಂದಿಟ್ಟುಕೊಂಡು ಕೂತರು. ಎಲ್ಲ ತುಂಬಿತ್ತು, ಕೃತ್ಯದ ಕಾರಣ ಎಂಬ ಕಲಂ ಮಾತ್ರ ಖಾಲಿ ಉಳಿದಿತ್ತು. ರೆಬೆಲೊ ‘ಆಸೆ’ ಎಂದು ಬರೆಯಿರಿ, ಎಲ್ಲ ಕಳವಿಗೂ ಅದೇ ನಡೆಯುತ್ತದೆ ಎಂದ. ಇನ್‌ಸ್ಪೆಕ್ಟರ್ ಹಾಗೆಯೇ ಬರೆದು, ಓದಿ, ಹೊಡೆದುಹಾಕಿದರು. ಅದರ ಕೆಳಗೆ ಎರಡು ವಾಕ್ಯ ಬರೆದು ಸಹಿ ಮಾಡಿದರು. ಆರೋಪಿಗೆ ಓದಲು ಬರುತ್ತಿದ್ದ ಪುಸ್ತಕಗಳು ಲೋಕದಲ್ಲಿ ಇಷ್ಟೇ ಇದ್ದವು. ಅವು ಊರು ಬಿಟ್ಟು ಹೋಗುತ್ತವೆಂದು ಆಕೆಗೆ ಆ ದಿನ ತಿಳಿಯಿತು.